‘ಇನ್ನೆಷ್ಟು ದಿನ ಡಾಕ್ಟ್ರೇ?’ ಸಾವಿನ ಕಾಲ ಅಂದಾಜಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾಸಿಯಾಗದ ಕಾಯಿಲೆ ಇರುವವರು, ಅವರ ಮನೆಯವರು, ವಾರ್ಡಿನಲ್ಲಿ ಈ ಪ್ರಶ್ನೆಗೆ ಮೊದಲು ಸಿಕ್ಕಿಬೀಳುವ ಕಿರಿಯ ವೈದ್ಯರು ಮತ್ತು ನರ್ಸ್‌ಗಳು ಓದಲೆಂದು ಇದನ್ನು ಬರೆದಿದ್ದೇವೆ. ನಮ್ಮಲ್ಲಿ ಸಾವಿನ ಮಾತೆತ್ತಿದರೆ ಹಿರಿಯರು ‘ಬಿಡ್ತು ಅನ್ನು’ ಅನ್ನುತ್ತಾರೆ. ಇಲ್ಲಿ ಸ್ವಲ್ಪ ಹೊತ್ತು ಅದನ್ನು ಪಕ್ಕಕ್ಕಿಡೋಣ.

ಸಾಯುವ ದಿನವನ್ನು ವೈದ್ಯರು ಹೇಳಬಲ್ಲರೇ?

ಇಲ್ಲ. ದಿನಾಂಕ ಹೇಳುವವರು ಬಿಳಿ ಕೋಟು ಹಾಕಿರಲಿ, ಕಾವಿ ಉಟ್ಟಿರಲಿ, ನಂಬಬೇಡಿ. ಹೇಳಲು ಆಗುವುದು ಅಳತೆ ಮಾತ್ರ: ಇದು ವರ್ಷಗಳ ಮಾತೋ, ತಿಂಗಳುಗಳದೋ, ವಾರಗಳದೋ, ದಿನಗಳದೋ. ಮನೆಯವರು ತೆಗೆದುಕೊಳ್ಳಬೇಕಾದ ತೀರ್ಮಾನಗಳಿಗೆ ಬಹುಪಾಲು ಇಷ್ಟೇ ಸಾಕು. ಇನ್ನೊಂದು ಸುತ್ತು ಕೀಮೋ ಬೇಕೇ, ಮಗಳ ಮದುವೆ ಮುಂಚೆ ಇಟ್ಟುಕೊಳ್ಳಬೇಕೇ, ಆಸ್ಪತ್ರೆಯಲ್ಲೇ ಇರಬೇಕೇ ಮನೆಗೆ ಹೋಗಬೇಕೇ ಎಂದು ನಿರ್ಧರಿಸಲು ತಾರೀಕು ಬೇಕಾಗಿಲ್ಲ.

‘ಮೂರು ತಿಂಗಳು’ ಅಂದಿದ್ದರು, ಎರಡು ವರ್ಷವಾಯಿತು. ವೈದ್ಯರು ಸುಳ್ಳು ಹೇಳಿದರೇ?

ಬಹುಶಃ ನಡುವಿನ ಅಂಕಿಯನ್ನು ಗಡುವಿನಂತೆ ಹೇಳಿದರು, ಅಥವಾ ನಿಮಗೆ ಹಾಗೆ ಕೇಳಿಸಿತು. ಒಂದೇ ಕಾಯಿಲೆಯ, ಒಂದೇ ಹಂತದ 11 ಜನರನ್ನು ತೀರಿಕೊಂಡ ಕ್ರಮದಲ್ಲಿ ನಿಲ್ಲಿಸಿದರೆ ಆರನೆಯವರು ಬದುಕಿದ ಅವಧಿಯೇ ಮಧ್ಯಾಂಕ. ಅದು ಮೂರು ತಿಂಗಳಾಗಿದ್ದರೆ ಐವರು ಅದಕ್ಕಿಂತ ಹೆಚ್ಚು ಬದುಕಿದ್ದಾರೆ, ಅವರಲ್ಲಿ ಒಬ್ಬಿಬ್ಬರು ವರ್ಷಗಟ್ಟಲೆ. ಎಡಕ್ಕೆ ಸೊನ್ನೆಯ ಗೋಡೆ ಇದೆ. ಬಲಕ್ಕೆ ಗೋಡೆಯಿಲ್ಲ. ಹಾಗಾಗಿ ಈ ಸಾಲಿನ ಬಾಲ ಸಾಮಾನ್ಯವಾಗಿ ಬಲಕ್ಕೇ ಉದ್ದ.

ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಪತ್ತೆಯಾದಾಗ ಆ ಕಾಯಿಲೆಯ ಮಧ್ಯಾಂಕ ಎಂಟು ತಿಂಗಳು. ಅವರು ತೀರಿಕೊಂಡದ್ದು 2002ರಲ್ಲಿ, ಬೇರೆಯೇ ಕ್ಯಾನ್ಸರ್‌ನಿಂದ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1963ರಲ್ಲಿ, 21ನೇ ವಯಸ್ಸಿಗೆ, ನರಗಳ ಕಾಯಿಲೆ ಪತ್ತೆಯಾದಾಗ ಎರಡು ವರ್ಷ ಎಂದಿದ್ದರು. ಅವರು 76ರವರೆಗೆ ಬದುಕಿದರು. ಈ ಇಬ್ಬರ ಹೆಸರನ್ನು ಎಲ್ಲ ರೋಗಿಗಳಿಗೂ ಭರವಸೆಯಾಗಿ ಹೇಳುವುದು ಇನ್ನೊಂದು ಬಗೆಯ ತಪ್ಪು. ಬಾಲ ಉದ್ದವಿದ್ದರೂ ಅದರ ತುದಿಯಲ್ಲಿರುವವರು ಬೆರಳೆಣಿಕೆಯಷ್ಟೇ.

ಹಾಗಾದರೆ ಅಂಕಿಯನ್ನು ಹೇಗೆ ಹೇಳಬೇಕು?

ಮೂರು ಸಾಧ್ಯತೆಗಳಾಗಿ. ಮುಂದುವರಿದ ಕ್ಯಾನ್ಸರ್‌ನಲ್ಲಿ ಬಳಕೆಯಲ್ಲಿರುವ ಒಂದು ಸರಳ ಲೆಕ್ಕ ಹೀಗಿದೆ: ವೈದ್ಯರ ಅಂದಾಜು 12 ತಿಂಗಳಾದರೆ, ಸುಮಾರು ಅರ್ಧ ಜನ ಅದರ ಅರ್ಧದಿಂದ ಎರಡು ಪಟ್ಟು, ಅಂದರೆ 6ರಿಂದ 24 ತಿಂಗಳು ಬದುಕುತ್ತಾರೆ. ಹತ್ತರಲ್ಲಿ ಒಬ್ಬರಷ್ಟು ಜನ ಕಾಲು ಭಾಗವನ್ನೂ, ಅಂದರೆ 3 ತಿಂಗಳನ್ನೂ, ದಾಟುವುದಿಲ್ಲ. ಹೆಚ್ಚುಕಡಿಮೆ ಅಷ್ಟೇ ಜನ ಮೂರು ಪಟ್ಟು, 36 ತಿಂಗಳು, ದಾಟುತ್ತಾರೆ.

ಬಾಯಿಮಾತಿನಲ್ಲಿ ಹೀಗೆ ಹೇಳಬಹುದು: ‘ನಿಮ್ಮಂಥ ಸ್ಥಿತಿಯಲ್ಲಿರುವವರಲ್ಲಿ ಸುಮಾರು ಅರ್ಧ ಜನಕ್ಕೆ ಆರು ತಿಂಗಳಿಂದ ಎರಡು ವರ್ಷ ಸಿಗುತ್ತೆ. ಕೆಲವರಿಗೆ ಮೂರೇ ತಿಂಗಳು. ಕೆಲವರು ಮೂರು ವರ್ಷ ದಾಟಿದವರೂ ಇದ್ದಾರೆ. ನೀವು ಯಾವ ಗುಂಪಿಗೆ ಸೇರ್ತೀರಿ ಅನ್ನೋದು ಇವತ್ತು ಹೇಳಕ್ಕಾಗಲ್ಲ, ಎರಡು ತಿಂಗಳು ಬಿಟ್ಟು ನೋಡಿದರೆ ಇನ್ನೂ ಸ್ವಲ್ಪ ಸ್ಪಷ್ಟ ಆಗುತ್ತೆ.’ ಕೊನೆಯ ಮಾತನ್ನು ಬಿಡಬೇಡಿ. ಅಂದಾಜು ಒಂದು ಸಲ ಹೇಳಿ ಮುಗಿಸುವಂಥದ್ದಲ್ಲ, ಪ್ರತಿ ಭೇಟಿಯಲ್ಲೂ ಅದನ್ನು ತಿದ್ದಬೇಕು.

ವೈದ್ಯರು ತಪ್ಪುವುದು ಹೆಚ್ಚಾಗಿ ಯಾವ ಕಡೆಗೆ?

ಆಶಾವಾದದ ಕಡೆಗೆ. 2000ದಲ್ಲಿ ಪ್ರಕಟವಾದ ಚಿಕಾಗೋದ ಅಧ್ಯಯನವೊಂದರಲ್ಲಿ 343 ವೈದ್ಯರು ಹಾಸ್ಪೀಸ್ (ಕೊನೆಗಾಲದ ಆರೈಕೆ) ಸೇರಿದ 468 ರೋಗಿಗಳ ಬಗ್ಗೆ ಅಂದಾಜು ಕೊಟ್ಟರು. ಸರಿಸುಮಾರು ಹತ್ತಿರ ಬಂದದ್ದು 20%. 63% ಅಂದಾಜುಗಳು ವಾಸ್ತವಕ್ಕಿಂತ ಹೆಚ್ಚು ಆಯುಸ್ಸು ಹೇಳಿದ್ದವು, 17% ಕಡಿಮೆ. ಇನ್ನೊಂದು ಸಂಗತಿ: ರೋಗಿಯ ಪರಿಚಯ ಹಳೆಯದಾದಷ್ಟೂ ವೈದ್ಯರ ಅಂದಾಜು ಕೆಟ್ಟಿತ್ತು. ಇಪ್ಪತ್ತು ವರ್ಷದಿಂದ ನೋಡುತ್ತಿರುವ ಫ್ಯಾಮಿಲಿ ಡಾಕ್ಟರಿಗೆ ಕೆಟ್ಟ ಸುದ್ದಿ ಹೇಳಲು ಮಾತ್ರವಲ್ಲ, ತನ್ನ ಮನಸ್ಸಿಗೆ ಒಪ್ಪಿಸಿಕೊಳ್ಳಲೂ ಕಷ್ಟ. ಹಾಗಾಗಿ, ಮುಖ್ಯ ತೀರ್ಮಾನ ಇದ್ದಾಗ ರೋಗಿಯನ್ನು ಹೊಸದಾಗಿ ನೋಡುವ ಎರಡನೇ ವೈದ್ಯರ ಅಭಿಪ್ರಾಯ ಕೇಳಿ. ಅದು ಮೊದಲಿನವರಿಗೆ ಮಾಡುವ ಅವಮಾನವಲ್ಲ.

ಈ ಅಂದಾಜು ಮಾಡುವುದು ಹೇಗೆ? ಬರೀ ಅನುಭವವೇ?

ಅನುಭವದ ಜತೆ ಅಂಕಪಟ್ಟಿಗಳೂ ಇವೆ. ಉದಾಹರಣೆಗೆ, ಜಪಾನ್‌ನಲ್ಲಿ 1999ರಲ್ಲಿ ರೂಪುಗೊಂಡ ಪ್ಯಾಲಿಯೇಟಿವ್ ಪ್ರೋಗ್ನೋಸ್ಟಿಕ್ ಇಂಡೆಕ್ಸ್. ರಕ್ತಪರೀಕ್ಷೆ ಬೇಡ, ಹಾಸಿಗೆಯ ಪಕ್ಕ ನಿಂತು ಐದು ವಿಷಯ ನೋಡಿದರೆ ಸಾಕು.

ಮೊದಲನೆಯದು ಓಡಾಟದ ಶಕ್ತಿ. ಇದನ್ನು 100ರಿಂದ 0ವರೆಗೆ ಹತ್ತತ್ತರ ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಪೂರ್ತಿ ಹಾಸಿಗೆ ಹಿಡಿದು 10–20ಕ್ಕೆ ಇಳಿದಿದ್ದರೆ 4 ಅಂಕ, 30–50 ಇದ್ದರೆ 2.5, ಅದಕ್ಕಿಂತ ಮೇಲಿದ್ದರೆ ಸೊನ್ನೆ. ಊಟ ಬಾಯಿಗೆ ನಾಲ್ಕು ಚಮಚಕ್ಕೆ ಇಳಿದಿದ್ದರೆ 2.5, ತಕ್ಕಮಟ್ಟಿಗೆ ಕಡಿಮೆಯಾಗಿದ್ದರೆ 1. ಮೈ ಅಥವಾ ಕಾಲು ಬಾತಿದ್ದರೆ 1. ಸುಮ್ಮನೆ ಮಲಗಿದ್ದಾಗಲೂ ಏದುಸಿರಿದ್ದರೆ 3.5. ಬುದ್ಧಿಭ್ರಮಣೆ, ಅಂದರೆ ಹಗಲು ರಾತ್ರಿ ಗೊತ್ತಾಗದೆ ಬಡಬಡಿಸುವುದು, ಇದ್ದರೆ 4. ಒಟ್ಟು 15ಕ್ಕೆ 6 ದಾಟಿದರೆ ಮೂರು ವಾರದೊಳಗೆ ಸಾವು ಸಂಭವಿಸುವ ಸಾಧ್ಯತೆ ಹೆಚ್ಚು. ಮೂಲ ಅಧ್ಯಯನದಲ್ಲಿ, ಮೂರು ವಾರದೊಳಗೆ ತೀರಿಕೊಂಡ 100 ಜನರಲ್ಲಿ 80 ಜನರನ್ನು ಇದು ಗುರುತಿಸಿತು. ಹೆಚ್ಚು ಬದುಕಿದ ಪ್ರತಿ 100 ಜನರಲ್ಲಿ 15 ಜನರ ವಿಷಯದಲ್ಲಿ ತಪ್ಪಾಗಿ ಗಂಟೆ ಬಾರಿಸಿತು. ಆ ಹದಿನೈದರಲ್ಲಿ ಒಬ್ಬರು ನಿಮ್ಮ ಮನೆಯವರಾದಾಗ ಈ ಸಂಖ್ಯೆ ಸಣ್ಣದಲ್ಲ.

ಎಡವಟ್ಟಾಗುವುದು ಇಲ್ಲಿ. ಬುದ್ಧಿಭ್ರಮಣೆಗೆ ಒಂದೇಟಿಗೆ 4 ಅಂಕ. ಆದರೆ ಅದರ ಕಾರಣ ಮೂತ್ರದ ಸೋಂಕಿರಬಹುದು, ಸೋಡಿಯಂ ಇಳಿದಿರಬಹುದು, ಕ್ಯಾಲ್ಸಿಯಂ ಏರಿರಬಹುದು, ಮೂತ್ರ ಕಟ್ಟಿರಬಹುದು, ವಾರದಿಂದ ಮಲಬದ್ಧತೆ ಇರಬಹುದು, ಹೊಸದಾಗಿ ಕೊಟ್ಟ ನಿದ್ದೆ ಮಾತ್ರೆಯೂ ಇರಬಹುದು. ಸರಿಪಡಿಸಿದರೆ ಎರಡು ದಿನದಲ್ಲಿ ಎದ್ದು ಕೂತು ಕಾಫಿ ಕೇಳುತ್ತಾರೆ. ಕಾಲು ಬಾವು ಸ್ಟೀರಾಯ್ಡ್‌ನಿಂದಲೂ ಬರುತ್ತದೆ. ಹಾಗಾಗಿ ಸರಿಪಡಿಸಬಹುದಾದದ್ದನ್ನು ಮೊದಲು ಸರಿಪಡಿಸಿ, ಅಂಕ ಆಮೇಲೆ ಕೂಡಿ. ಅಲ್ಲದೆ ಇದು ಕ್ಯಾನ್ಸರ್ ರೋಗಿಗಳಿಗೆಂದು ಮಾಡಿದ ಪಟ್ಟಿ, ಹೃದಯ ವೈಫಲ್ಯದವರಿಗೆ ಹಾಗೇ ಎತ್ತಿ ಹಾಕಬಾರದು.

ಐಸಿಯುನಲ್ಲಿ ‘ಸ್ಕೋರ್ ಪ್ರಕಾರ ಬದುಕುವ ಸಾಧ್ಯತೆ 30%’ ಅಂದರು. ಅರ್ಥವೇನು?

ಅದೇ ಸ್ಕೋರ್ ಬಂದ ನೂರು ರೋಗಿಗಳಲ್ಲಿ ಸುಮಾರು 30 ಜನ ಬದುಕಿದರು ಎಂದು. ನಿಮ್ಮ ತಂದೆಯವರು ಶೇಕಡಾ 30 ಬದುಕುವುದಿಲ್ಲ, ಬದುಕುತ್ತಾರೆ, ಇಲ್ಲವೇ ತೀರಿಕೊಳ್ಳುತ್ತಾರೆ. 1985ರಿಂದ ಬಳಕೆಯಲ್ಲಿರುವ ಅಪಾಚೆ-2ರಂಥ, ಕಾಯಿಲೆಯ ತೀವ್ರತೆ ಅಳೆಯುವ ಅಂಕಗಳು ಗುಂಪುಗಳನ್ನು ಹೋಲಿಸಲು ಹುಟ್ಟಿದವು. ಒಬ್ಬ ವ್ಯಕ್ತಿಯ ವೆಂಟಿಲೇಟರ್ ತೆಗೆಯಲು ಅದೊಂದೇ ಆಧಾರವಾಗಕೂಡದು.

ಕಾಯಿಲೆಯಿಂದ ಕಾಯಿಲೆಗೆ ಅಂದಾಜು ಬದಲಾಗುತ್ತದೆಯೇ?

ಬಹಳ. ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ತುಂಬ ದಿನ ಚೆನ್ನಾಗಿದ್ದು ಕೊನೆಯ ಕೆಲವು ವಾರಗಳಲ್ಲಿ ಸರಸರನೆ ಇಳಿಯುತ್ತಾರೆ, ಹಾಗಾಗಿ ಕೊನೆಗಾಲ ಸ್ವಲ್ಪ ಸ್ಪಷ್ಟ. ಹೃದಯ, ಶ್ವಾಸಕೋಶ, ಲಿವರ್ ವೈಫಲ್ಯ ಮೆಟ್ಟಿಲಿನಂತೆ: ಒಂದು ಸಲ ಕೆಟ್ಟು ಅಡ್ಮಿಟ್ ಆಗುತ್ತಾರೆ, ಚೇತರಿಸಿಕೊಳ್ಳುತ್ತಾರೆ, ಆದರೆ ಮೊದಲಿನಷ್ಟಲ್ಲ. ಯಾವ ಸಲದ ಅಡ್ಮಿಷನ್ ಕೊನೆಯದು ಎಂದು ಹಿಂತಿರುಗಿ ನೋಡಿದಾಗ ಮಾತ್ರ ಗೊತ್ತಾಗುತ್ತದೆ. ‘ಇವರ ಆಯುಸ್ಸು ಗಟ್ಟಿ’ ಎಂದು ಮನೆಯವರು ಹೇಳುವುದು ಹೆಚ್ಚಾಗಿ ಈ ರೋಗಿಗಳ ಬಗ್ಗೆಯೇ. ಮರೆಗುಳಿ ಕಾಯಿಲೆ ಮತ್ತು ತೀರಾ ಮುಪ್ಪಿನಲ್ಲಿ ಇಳಿಜಾರು ವರ್ಷಗಟ್ಟಲೆ ನಿಧಾನ, ಅಂದಾಜು ಅತ್ಯಂತ ಕಷ್ಟ.

ಯಾವ ಕಾಯಿಲೆಗಾದರೂ ಮನೆಯವರೇ ಗಮನಿಸಬಹುದಾದ ಒಂದು ಒರಟು ನಿಯಮವಿದೆ. ತಿಂಗಳಿಂದ ತಿಂಗಳಿಗೆ ಶಕ್ತಿ ಕುಂದುತ್ತಿದ್ದರೆ ಉಳಿದಿರುವುದು ತಿಂಗಳುಗಳು. ವಾರದಿಂದ ವಾರಕ್ಕಾದರೆ ವಾರಗಳು. ನಿನ್ನೆಗಿಂತ ಇವತ್ತು ಎದ್ದು ಕಾಣುವಂತೆ ಕಡಿಮೆಯಾದರೆ ದಿನಗಳು.

ಮಗ ವಿದೇಶದಲ್ಲಿದ್ದಾನೆ. ಯಾವಾಗ ಬರಬೇಕು ಎಂದು ಕೇಳುತ್ತಿದ್ದಾನೆ.

ವೈದ್ಯರನ್ನು ‘ಎಷ್ಟು ದಿನ’ ಎಂದು ಕೇಳುವ ಬದಲು ‘ಅವನು ಬಂದಾಗ ಅಪ್ಪ ಗುರುತು ಹಿಡಿದು ಮಾತಾಡಬೇಕು, ಅದಕ್ಕೆ ಯಾವಾಗ ಬಂದರೆ ಒಳ್ಳೆಯದು?’ ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ. ಎಚ್ಚರದಲ್ಲಿ ಮಾತಾಡುವ ಕಾಲ ಉಸಿರು ನಿಲ್ಲುವುದಕ್ಕಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ. ವಾರಗಳ ಮಾತು ಎಂದು ಗೊತ್ತಾದ ದಿನವೇ ಹೊರಡುವುದು ಲೇಸು. ಒಂದೇ ರಜೆ ಇದ್ದರೆ ಅದನ್ನು ತಿಥಿಗಿಂತ ಮಾತಿಗೆ ಬಳಸಿ.

‘ಅಮ್ಮನಿಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾರೆ.’ ಹೀಗೆ ಕೇಳುವುದು ತಪ್ಪೇ?

ಪ್ರೀತಿಯಿಂದ ಕೇಳುವುದು, ಆದರೆ ಬೆಲೆ ತೆರುವುದು ಅಮ್ಮ. ವೈದ್ಯರ ನಡವಳಿಕೆಗೆಂದು 2002ರಲ್ಲಿ ರೂಪಿಸಿದ ರಾಷ್ಟ್ರೀಯ ನಿಯಮಾವಳಿಯಲ್ಲಿ ಈ ವಿಷಯಕ್ಕೇ ಒಂದು ಪರಿಚ್ಛೇದವಿದೆ: ಕಾಯಿಲೆಯ ತೀವ್ರತೆಯನ್ನು ಹಿಗ್ಗಿಸಿಯೂ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು. ರೋಗಿ ಅಥವಾ ಅವರ ಹತ್ತಿರದವರಿಗೆ ಅವರ ಹಿತಕ್ಕೆ ಬೇಕಾದಷ್ಟು ತಿಳಿದಿರುವಂತೆ ನೋಡಿಕೊಳ್ಳಬೇಕು. ‘ಅಥವಾ’ ಎಂಬ ಆ ಒಂದು ಪದದ ಸಂದಿಯಲ್ಲೇ ನಮ್ಮ ಆಸ್ಪತ್ರೆಗಳ ಅರ್ಧ ಗುಟ್ಟು ಬದುಕಿಕೊಂಡಿದೆ.

ಬಚ್ಚಿಟ್ಟರೆ ಆಗುವುದೇನು? ಮೈ ಸೊರಗುತ್ತಿರುವುದು ಅಮ್ಮನಿಗೆ ಗೊತ್ತು. ಕೀಮೋ ವಾರ್ಡಿನಲ್ಲಿ ಕೂತವರಿಗೆ ಪಕ್ಕದ ಬೆಡ್ಡಿನವರೇ ಹೇಳಿರುತ್ತಾರೆ. ಮಕ್ಕಳು ಹೆದರುತ್ತಾರೆಂದು ಅವರು ಸುಮ್ಮನಿರುತ್ತಾರೆ, ಅಮ್ಮ ಹೆದರುತ್ತಾರೆಂದು ಮಕ್ಕಳು ಸುಮ್ಮನಿರುತ್ತಾರೆ. ಕೊನೆಗೆ ಒಡವೆ ಯಾರಿಗೆ, ಎಲ್ಲಿ ದಹನ, ಯಾವ ಮಗಳ ಹತ್ತಿರ ಇರಬೇಕು ಎಂಬುದನ್ನೆಲ್ಲ ಕೇಳಬೇಕಾದವರನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುತ್ತಾರೆ.

ವೈದ್ಯರು ಮನೆಯವರ ಜತೆ ಜಗಳಕ್ಕಿಳಿಯಬೇಕಾಗಿಲ್ಲ. ‘ನಾನಾಗಿ ಮಾತೆತ್ತಲ್ಲ. ಆದರೆ ಅವರಾಗೇ ಕೇಳಿದರೆ ಸುಳ್ಳು ಹೇಳಲ್ಲ’ ಎಂಬ ಒಪ್ಪಂದಕ್ಕೆ ಬಹಳ ಮನೆಗಳು ಒಪ್ಪುತ್ತವೆ.

ರೋಗಿಗೇ ತಿಳಿದುಕೊಳ್ಳುವ ಇಷ್ಟವಿಲ್ಲದಿದ್ದರೆ?

ಒತ್ತಾಯಿಸಬಾರದು. ತಿಳಿಯದಿರುವುದೂ ಹಕ್ಕು. ಯಾರ ಜತೆ ಮಾತಾಡಬೇಕು ಎಂದು ಅವರ ಬಾಯಿಂದಲೇ ಕೇಳಿ ಕೇಸ್‌ಶೀಟಿನಲ್ಲಿ ಬರೆಯಿರಿ. ಹಿರಿ ಮಗನೇ ಎಂದು ಊಹಿಸಬೇಡಿ.

ಹೇಳುವಾಗ ಯಾವ ಕ್ರಮ ಅನುಸರಿಸಬೇಕು?

ಮೊದಲು ಜಾಗ. ಕಾರಿಡಾರಿನಲ್ಲಿ, ಲಿಫ್ಟಿನ ಮುಂದೆ, ಬಿಲ್ ಕೌಂಟರಿನ ಸಾಲಿನಲ್ಲಿ ಬೇಡ. ಕುರ್ಚಿ ಎಳೆದು ಕೂತುಕೊಳ್ಳಿ, ಮೊಬೈಲು ಸೈಲೆಂಟಿಗೆ ಹಾಕಿ. ಆಮೇಲೆ ಅವರಿಗೆ ಗೊತ್ತಿರುವುದೇನೆಂದು ಕೇಳಿ: ‘ಇದುವರೆಗೆ ನಿಮಗೆ ಏನಂತ ಹೇಳಿದ್ದಾರಮ್ಮ?’ ನಂತರ ಅನುಮತಿ: ‘ಎಲ್ಲಾ ವಿವರವಾಗಿ ನಿಮಗೇ ಹೇಳ್ಲಾ, ಇಲ್ಲಾ ಮನೆಯವರ ಹತ್ರ ಮಾತಾಡ್ಲಾ?’ ಅವರು ಹೇಳಿ ಅಂದ ಮೇಲೆ ಒಂದೇ ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಆ ಮೌನವನ್ನು ಹತ್ತು ಸೆಕೆಂಡು ತಡೆದುಕೊಳ್ಳುವುದು ವೈದ್ಯರಿಗೆ ಇದರಲ್ಲಿ ಅತ್ಯಂತ ಕಷ್ಟದ ಭಾಗ. ಗಾಬರಿಯಲ್ಲಿ ತುಂಬಿಸುವ ಮಾತುಗಳಲ್ಲೇ (‘ಪವಾಡ ಆಗಬಹುದು’, ‘ದೇವರಿದ್ದಾನೆ’) ಹೇಳಿದ್ದೆಲ್ಲ ಕೊಚ್ಚಿಹೋಗುತ್ತದೆ. ಅಳು ಬಂದರೆ ಅಳಲಿ. ಮುಂದಿನ ಯೋಜನೆಯ ಮಾತು ಅದಾದ ಮೇಲೆ.

‘ಇನ್ನೇನೂ ಮಾಡಕ್ಕಾಗಲ್ಲ, ಮನೆಗೆ ಕರಕೊಂಡು ಹೋಗಿ’ ಎಂಬುದು ಮಾತ್ರ ಬೇಡವೇ ಬೇಡ. ಅದು ನಿಜವೂ ಅಲ್ಲ. ನೋವು, ಉಬ್ಬಸ, ವಾಂತಿ, ನಿದ್ರಾಹೀನತೆಗೆ ಮಾಡುವುದು ಕೊನೆಯ ಗಂಟೆಯವರೆಗೂ ಇರುತ್ತದೆ. ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೀಸ್‌ಗಳು ಈ ಕೆಲಸಕ್ಕೇ ಇವೆ, ಅಲ್ಲಿ ಆರೈಕೆ ಉಚಿತ.

ಹೇಳಿದರೆ ಕುಗ್ಗಿ ಬೇಗ ಹೋಗಿಬಿಡುತ್ತಾರಲ್ಲವೇ?

ಅಮೆರಿಕದಲ್ಲಿ 332 ಕ್ಯಾನ್ಸರ್ ರೋಗಿಗಳನ್ನು ಅವರ ಆರೈಕೆ ಮಾಡುವವರೊಂದಿಗೆ ಗಮನಿಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊನೆಗಾಲದ ಬಗ್ಗೆ ವೈದ್ಯರ ಜತೆ ಮಾತಾಡಿದವರಲ್ಲಿ ಖಿನ್ನತೆ ಹೆಚ್ಚಿರಲಿಲ್ಲ. ಕೊನೆಯ ವಾರದಲ್ಲಿ ವೆಂಟಿಲೇಟರ್, ಐಸಿಯು ಪಾಲಾದವರು ಅವರಲ್ಲಿ ಕಡಿಮೆ. ಕೇಳಿದ ದಿನ ಕುಸಿಯುವುದು ಸಹಜ. ಆದರೆ ಸುದ್ದಿ ಕೇಳಿ ಆಗುವ ದುಃಖವನ್ನು ಸುದ್ದಿಯಿಂದಾದ ಹಾನಿ ಎಂದು ಎಣಿಸಬಾರದು.

ಅಂದಾಜೇ ಸಾವನ್ನು ತರುವುದುಂಟೇ?

ಉಂಟು, ಮತ್ತು ಈ ವಿಷಯದಲ್ಲಿ ನಮಗೆ ಅತಿ ಹೆಚ್ಚು ಭಯ ಇದರದ್ದೇ. ‘ಇವರು ಉಳಿಯಲ್ಲ’ ಎಂದು ನಂಬಿ ವೆಂಟಿಲೇಟರ್ ತೆಗೆದರೆ ರೋಗಿ ತೀರಿಕೊಳ್ಳುತ್ತಾರೆ, ಭವಿಷ್ಯ ನಿಜವಾಯಿತೆಂದು ಲೆಕ್ಕಕ್ಕೆ ಸೇರುತ್ತದೆ. ಮುಂದಿನ ರೋಗಿಗೆ ಅದೇ ಲೆಕ್ಕ ಆಧಾರ. ಅಂದಾಜು ತಪ್ಪಾಗಿತ್ತೇ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಆದ್ದರಿಂದಲೇ ಹೃದಯ ನಿಂತು ಮತ್ತೆ ಮಿಡಿದ ರೋಗಿ ಪ್ರಜ್ಞೆಗೆ ಬರದಿದ್ದರೆ, ಮೆದುಳಿನ ಭವಿಷ್ಯ ಹೇಳುವ ಮುನ್ನ ಕನಿಷ್ಠ 72 ಗಂಟೆ ಕಾಯಬೇಕು, ನಿದ್ದೆ ಬರಿಸುವ ಔಷಧಗಳು ಮೈಯಿಂದ ಪೂರ್ತಿ ಇಳಿದಿರಬೇಕು, ಒಂದೇ ಪರೀಕ್ಷೆ ನೆಚ್ಚಬಾರದು ಎಂಬ ಮಾರ್ಗಸೂಚಿ ಇರುವುದು. ಎರಡನೇ ದಿನವೇ ಖಚಿತ ಉತ್ತರ ಕೊಟ್ಟರೆ ‘ನಿದ್ದೆಯ ಔಷಧ ನಿಲ್ಲಿಸಿ ಎಷ್ಟು ಹೊತ್ತಾಯಿತು?’ ಎಂದು ಕೇಳಿ.

ದುಡ್ಡು ಮುಗಿದು ಸಹಿ ಹಾಕಿ ಕರಕೊಂಡು ಹೋಗುವುದು ಇದರದ್ದೇ ಇನ್ನೊಂದು ಮುಖ. ಹಾಗೆ ಹೊರಡಲೇಬೇಕಾದರೆ ಬರಿಗೈಯಲ್ಲಿ ಹೊರಡಬೇಡಿ. ನೋವು ಮತ್ತು ಉಬ್ಬಸದ ಔಷಧಿಯ ಚೀಟಿ, ಡಿಸ್ಚಾರ್ಜ್ ಸಾರಾಂಶ, ರಾತ್ರಿ ಫೋನ್ ಮಾಡಬಹುದಾದ ಒಂದು ನಂಬರು ಪಡೆದೇ ಹೊರಡಿ.

ಕಾನೂನು ಏನನ್ನುತ್ತದೆ?

ಎಷ್ಟು ದಿನ ಎಂದು ಕಾನೂನು ಕೇಳುವುದಿಲ್ಲ, ಚೇತರಿಕೆಯ ಆಸೆ ಇದೆಯೇ ಎಂದು ಕೇಳುತ್ತದೆ. ಘನತೆಯ ಸಾವಿನ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿ, 2023ರ ಜನವರಿ 24ರಂದು ವಿಧಾನವನ್ನು ಸರಳಗೊಳಿಸಿತು. ಈಗ ಮುಂಗಡ ನಿರ್ದೇಶನವನ್ನು, ಅಂದರೆ ಮುಂದೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ, ಜನ ಲಿವಿಂಗ್ ವಿಲ್ ಅನ್ನುವ ಪತ್ರವನ್ನು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು. ನಿಮ್ಮ ಪರವಾಗಿ ತೀರ್ಮಾನಿಸುವವರ ಹೆಸರನ್ನು ಅದರಲ್ಲೇ ಬರೆಯಿರಿ. ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಆಸ್ಪತ್ರೆಯ ಮೂವರು ವೈದ್ಯರ ಪ್ರಾಥಮಿಕ ಮಂಡಳಿ ಒಪ್ಪಬೇಕು, ಬಳಿಕ ಮೂವರ ಎರಡನೇ ಮಂಡಳಿ ಪರಿಶೀಲಿಸಬೇಕು. ಎರಡೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಸುತ್ತೋಲೆಯನ್ನು 2025ರ ಜನವರಿ 30ರಂದು ಹೊರಡಿಸಿತು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಅಂದೂ ಅಪರಾಧ, ಇಂದೂ ಅಪರಾಧ.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನದಿಂದ, ಅಂದರೆ ಅನ್ನ ನೀರು ಬಿಡುವ ವ್ರತದಿಂದ, ತೀರಿಕೊಂಡವರ ನೆನಪಿನ ನಿಷಿಧಿ ಶಾಸನಗಳನ್ನು ನೋಡಿದವರಿಗೆ ಈ ಪ್ರಶ್ನೆ ಹೊಸದೆನಿಸದು. ಸಲ್ಲೇಖನಕ್ಕೆ ಜೈನ ಧರ್ಮ ಇಟ್ಟ ಷರತ್ತು ಸಾವಿನ ತಾರೀಕಲ್ಲ. ಉಪಸರ್ಗ (ಎರಗಿದ ವಿಪತ್ತು), ಬರ, ಮುಪ್ಪು, ರೋಗ ಇವುಗಳಿಗೆ ಪರಿಹಾರವಿಲ್ಲದಿರುವುದು. ಚಿಕಿತ್ಸೆ ನಿಲ್ಲಿಸುವುದು ಮತ್ತು ಸಲ್ಲೇಖನ ಒಂದೇ ಅಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಎರಡಕ್ಕೂ ಒಂದೇ.

ಜ್ಯೋತಿಷಿಗಳು ಆಯುರ್ದಾಯ ಲೆಕ್ಕ ಹಾಕುತ್ತಾರಲ್ಲ?

ಪಿಂಡಾಯು, ಅಂಶಾಯು, ನೈಸರ್ಗಿಕಾಯು ಎಂದು ಶಾಸ್ತ್ರದೊಳಗೇ ಹಲವು ಪದ್ಧತಿಗಳಿವೆ. ಒಂದೇ ಜಾತಕಕ್ಕೆ ಒಂದೊಂದರಿಂದ ಒಂದೊಂದು ಉತ್ತರ ಬರುತ್ತದೆ. ವೈದ್ಯರ ಅಂಕಪಟ್ಟಿ ಎಷ್ಟು ಸಲ ತಪ್ಪಿತೆಂದು ಎಣಿಸಿ ಪ್ರಕಟಿಸುತ್ತಾರೆ, ಜ್ಯೋತಿಷಿಗಳ ಮಾರಕ ದಶೆಯ (ಸಾವಿನ ಕಾಲದ) ಲೆಕ್ಕಕ್ಕೆ ಅಂಥ ಎಣಿಕೆ ಇಲ್ಲ. ಸಂಪ್ರದಾಯಸ್ಥ ಜೋಯಿಸರಲ್ಲಿ ಮರಣದ ಮಾತನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟುಪಾಡು ಇರುವುದು ವಿವೇಕ. ನಾವು ಎಚ್ಚರಿಸುವುದು ‘ಗಂಡಾಂತರ ಇದೆ, ಶಾಂತಿ ಮಾಡಿಸಿ’ ಎಂದು ಹಣ ಕೇಳುವವರ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ‘ಆಯುಸ್ಸು ಎಂಬತ್ತಿದೆ, ಆಪರೇಷನ್ ಬೇಡ’ ಎನ್ನುವವರ ಬಗ್ಗೆ.

ಕೃತಕ ಬುದ್ಧಿಮತ್ತೆ ಸಾವಿನ ದಿನ ಹೇಳುತ್ತದೆ ಎಂದು ಓದಿದೆವು.

2023ರ ಡಿಸೆಂಬರ್‌ನಲ್ಲಿ ಸುದ್ದಿಯಾದದ್ದು ಡೆನ್ಮಾರ್ಕಿನ ಲೈಫ್‌ಟುವೆಕ್. ಸುಮಾರು 60 ಲಕ್ಷ ಡೇನ್‌ರ ಆರೋಗ್ಯ, ಉದ್ಯೋಗ, ಆದಾಯದ ದಾಖಲೆಗಳಿಂದ ಕಲಿತ ಮಾದರಿ ಅದು. 35ರಿಂದ 65 ವಯಸ್ಸಿನವರು ಮುಂದಿನ ನಾಲ್ಕು ವರ್ಷದಲ್ಲಿ ಸಾಯುತ್ತಾರೋ ಇಲ್ಲವೋ ಎಂಬುದನ್ನು ಸುಮಾರು 78% ಸರಿಯಾಗಿ ಹೇಳಿತು. ದಿನ ಹೇಳಲಿಲ್ಲ. ಪರೀಕ್ಷೆಗೆ ತೆಗೆದುಕೊಂಡ ಗುಂಪಿನಲ್ಲಿ ಅರ್ಧ ಜನ ನಿಜಕ್ಕೂ ಸತ್ತವರಿದ್ದರು. ಊರಿನಲ್ಲಿ ಹಾಗಿರುವುದಿಲ್ಲ.

ಲೆಕ್ಕ ಮಾಡಿ ನೋಡಿ. ಒಂದು ಊರಿನ 1,000 ಜನರಲ್ಲಿ ನಾಲ್ಕು ವರ್ಷದಲ್ಲಿ 20 ಜನ ಸಾಯುತ್ತಾರೆ ಎಂದಿಟ್ಟುಕೊಳ್ಳೋಣ. ಎರಡೂ ಕಡೆ 78% ಸರಿ ಹೇಳುವ ಯಂತ್ರ ಆ 20ರಲ್ಲಿ ಸುಮಾರು 16 ಜನರನ್ನು ಗುರುತಿಸುತ್ತದೆ. ಉಳಿದ 980ರಲ್ಲಿ 22%, ಅಂದರೆ 216 ಜನರಿಗೂ ‘ಸಾಯುತ್ತೀರಿ’ ಅನ್ನುತ್ತದೆ. ಹೆದರಿಸಿಕೊಂಡ 232 ಜನರಲ್ಲಿ 216 ಜನ ನಾಲ್ಕು ವರ್ಷ ಕಳೆದೂ ಆರಾಮಾಗಿರುತ್ತಾರೆ. ಆ ಮಾದರಿಯನ್ನು ಸಾರ್ವಜನಿಕರಿಗೆ ಕೊಟ್ಟೂ ಇಲ್ಲ. ಅದರ ಹೆಸರಿನಲ್ಲಿ ಹುಟ್ಟಿದ ‘ಸಾವಿನ ಕ್ಯಾಲ್ಕುಲೇಟರ್’ ತಾಣಗಳು ನಿಮ್ಮ ಇಮೇಲು, ಕಾರ್ಡ್ ನಂಬರು ದೋಚಲು ಇರುವಂಥವು.

ಹಂಟಿಂಗ್ಟನ್ ಎಂಬ, ವಂಶದಲ್ಲಿ ಬರುವ ಮೆದುಳಿನ ಕಾಯಿಲೆಯಂಥವಕ್ಕೆ ವಂಶವಾಹಿ ಪರೀಕ್ಷೆ ಮಾಡಿಸಬೇಕೇ?

1993ರಲ್ಲಿ ಪತ್ತೆಯಾದ ಹಂಟಿಂಗ್ಟನ್ ಜೀನ್‌ನಲ್ಲಿ ಸಿಎಜಿ ಎಂಬ ತುಣುಕು 40 ಅಥವಾ ಹೆಚ್ಚು ಸಲ ಮರುಕಳಿಸಿದ್ದರೆ ಸಾಮಾನ್ಯ ಆಯುಸ್ಸು ಇರುವವರಿಗೆ ಕಾಯಿಲೆ ಬಂದೇ ಬರುತ್ತದೆ, 36–39 ಇದ್ದರೆ ಬರಬಹುದು. ಯಾವ ವಯಸ್ಸಿಗೆ ಎಂದು ಮಾತ್ರ ಖಚಿತವಾಗಿ ಹೇಳದು. ಲಕ್ಷಣವಿಲ್ಲದ ಮಕ್ಕಳಿಗೆ ತಂದೆತಾಯಿ ಒತ್ತಾಯಕ್ಕೆ ಪರೀಕ್ಷೆ ಮಾಡುವುದಿಲ್ಲ. ದೊಡ್ಡವರಿಗೂ ಮೊದಲು ಆಪ್ತಸಲಹೆ, ಆಮೇಲೆ ರಕ್ತ. ಫಲಿತಾಂಶದ ಲಕೋಟೆ ತೆರೆಯುವ ದಿನವೂ ಬೇಡವೆನ್ನಬಹುದು.

ಸಮಯ ಕಡಿಮೆ ಎಂದು ತಿಳಿದ ಮೇಲೆ ಮೊದಲು ಮಾಡಬೇಕಾದ್ದೇನು?

ಉಯಿಲು, ಎಚ್ಚರವಿರುವಾಗಲೇ. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ. ಜಿಪಿಎ (ಬೇರೆಯವರಿಗೆ ಕೊಟ್ಟ ಅಧಿಕಾರಪತ್ರ) ಇದೆಯಲ್ಲ ಎಂದು ಸುಮ್ಮನಿರಬೇಡಿ, ಕೊಟ್ಟವರು ತೀರಿಕೊಂಡ ಕ್ಷಣ ಅದು ಬಿದ್ದುಹೋಗುತ್ತದೆ. ಹೊಸ ಜೀವವಿಮೆ ಮಾಡಿಸುವಾಗ ಕಾಯಿಲೆ ಮುಚ್ಚಿಡಬೇಡಿ: ಮೊದಲ ಮೂರು ವರ್ಷದಲ್ಲಿ ಆ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಹುದು.

ಕೊನೆಯ ದಿನಗಳು ಬಂದಿವೆ ಎಂದು ಮನೆಯಲ್ಲಿ ಹೇಗೆ ತಿಳಿಯುವುದು?

ಮಣಿಕಟ್ಟಿನ ನಾಡಿ ಸಿಗದಿರುವುದು, ಉಸಿರಿನ ಜತೆ ದವಡೆ ಅಲುಗುವುದು (ಹಿರಿಯರು ಮೇಲುಸಿರು ಅನ್ನುವುದು), ಗಂಟಲಲ್ಲಿ ಗೊರಗೊರ ಸದ್ದು, ಉಸಿರು ನಿಂತು ನಿಂತು ಬರುವುದು, ಮೂತ್ರ ತೀರಾ ಕಡಿಮೆಯಾಗುವುದು. ಇವು ಕಂಡರೆ ಸಾಮಾನ್ಯವಾಗಿ ಮೂರು ದಿನದೊಳಗಿನ ಮಾತು. ಕಾಣದಿದ್ದರೆ ಸಮಯವಿದೆ ಎಂದರ್ಥವಲ್ಲ, ಎಷ್ಟೋ ಜನರಲ್ಲಿ ಇವು ಕಾಣಿಸಿಕೊಳ್ಳುವುದೇ ಇಲ್ಲ. ಗೊರಗೊರ ಸದ್ದು ಕೇಳುವವರಿಗೆ ಹಿಂಸೆ, ರೋಗಿಗೆ ಅಷ್ಟಿಲ್ಲ. ಒಂದು ಮಗ್ಗುಲಿಗೆ ಮಲಗಿಸಿ. ನುಂಗಲಾಗದವರ ಬಾಯಿಗೆ ಲೋಟದಲ್ಲಿ ನೀರು, ಹಾಲು ಹೊಯ್ಯಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ತೀರ್ಥ ಬಿಡಬೇಕಾದರೆ ಹತ್ತಿ ಅದ್ದಿ ತುಟಿ ಒದ್ದೆ ಮಾಡಿದರೆ ಸಾಕು.

ಮನೆಯಲ್ಲೇ ತೀರಿಕೊಂಡರೆ, ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ, ನಮೂನೆ 4ಎ, ಪಡೆಯಬೇಕು. ಅದಕ್ಕೆ ಯಾರು ಬರುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ, ನಡುರಾತ್ರಿ ಹುಡುಕಿದರೆ ಸಿಗುವುದಿಲ್ಲ. ಮರಣ ನೋಂದಣಿಗೆ 21 ದಿನ ಸಮಯವಿದೆ.